ಕೊನೆಯ ಬೆಂಚಿನ ಭಾವ

ನಮ್ಮ ಭಾವನಷ್ಟು ದಡ್ಡ ಹುಡುಗ ಪುತ್ತೂರು, ಸುಳ್ಯ, ಕಡಬ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಆಗ ಅವರಿಗೆ ಐವತ್ತು ದಾಟಿತ್ತು!

ನಗಬೇಡಿ. ಭಾವನೆಂದರೆ ನನ್ನ ಯಜಮಾನರ ಅಣ್ಣ. ಕೆದಂಬಾಡಿಯ ಕಡೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮಾಸ್ಟ್ರು. ಒಂದು ದಿನ ತಡವಾಗಿ ಬರುವ ಇಂಗ್ಲಿಷ್ ಪೇಪರನ್ನು ಮೇಲಿನ ತಾರೀಖಿನಿಂದ ಕೆಳಗಿನ ಮುದ್ರಕರ ಹೆಸರಿನವರೆಗೆ ಬಿಡದೆ ಓದುವವರು. ನೆರೆಕರೆಯಲ್ಲಿ ಯಾರಿಗಾದರೂ ಸರಕಾರಕ್ಕೆ ಅರ್ಜಿ ಬರೆಸಬೇಕಾದರೆ ನಮ್ಮ ಜಗಲಿಗೇ ಬರಬೇಕು. ಅಂಥವರು ಬೇಸಿಗೆ ರಜೆ ಬಂತೆಂದರೆ, ಬಾಲ್ ಯಾವುದು ಬುಕ್ ಯಾವುದು ಎಂದು ತಿಳಿಯದ ಐದನೇ ಕ್ಲಾಸಿನ ಹುಡುಗನಾಗಿಬಿಡುತ್ತಿದ್ದರು. ಕಾರಣ, ಇಂಗ್ಲಿಷ್ ಮಾಸ್ಟ್ರುಗಳ ತರಬೇತಿ ಶಿಬಿರ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಕಾಲ. ಅದುವರೆಗೆ ಇಂಗ್ಲಿಷ್ ಕಲಿಸುವುದೆಂದರೆ ಸುಲಭವಿತ್ತು. ಮಾಸ್ಟ್ರು ಒಂದು ವಾಕ್ಯ ಓದಿ ಅರ್ಥ ಹೇಳುವುದು, ಮಕ್ಕಳು ಬಾಯಿಪಾಠ ಮಾಡುವುದು, ಮಾಡದವನಿಗೆ ಬೆತ್ತ. ಆಗ ಘಟ್ಟದ ಮೇಲಿನಿಂದ ಹೊಸ ಪದ್ಧತಿಯೊಂದು ಇಳಿದು ಬಂತು. ಇನ್ನು ಕ್ಲಾಸಿನಲ್ಲಿ ಕನ್ನಡದ ಸೊಲ್ಲೆತ್ತಬಾರದು. ಎಲ್ಲವನ್ನೂ ಕೈಯಲ್ಲಿ ಹಿಡಿದು ತೋರಿಸಬೇಕು, ಮಾಡಿ ಕಾಣಿಸಬೇಕು. ಪಾಠಗಳು ಮೆಟ್ಟಿಲಿನ ಹಾಗೆ. ಒಂದನ್ನು ಹತ್ತದೆ ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಇದನ್ನು ನಮ್ಮ ಮಾಸ್ಟ್ರುಗಳಿಗೆ ಕಲಿಸಲು ಬೆಂಗಳೂರಿನಿಂದ ಒಬ್ಬ ಸಾರ್ ಬಂದರು. ಕೋಟು ಹಾಕಿದ್ದರು ಪಾಪ, ಪುತ್ತೂರಿನ ಮೇ ತಿಂಗಳಲ್ಲಿ! ಮಧ್ಯಾಹ್ನದೊಳಗೆ ಕೋಟು ಕುರ್ಚಿಯ ಬೆನ್ನಿಗೆ, ಸಂಜೆಯೊಳಗೆ ಟೈ ಜೇಬಿಗೆ.

ಮನೆವಾರ್ತೆ ನೋಡಿಕೊಂಡಿದ್ದ ನಾನು ಆ ಶಿಬಿರಕ್ಕೆ ಹೋದದ್ದು ಹೇಗೆ ಎಂದು ಕೇಳುತ್ತೀರಾ? ನಾನು ಹೋದದ್ದು ಯಂತ್ರವಾಗಿ! ಸಾರ್ ಸರಿಯಾದ ಉಚ್ಚಾರ ಕೇಳಿಸಲೆಂದು ಒಂದು ಟೇಪ್ ರೆಕಾರ್ಡರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟು ತಂದಿದ್ದರಂತೆ. ಬಂದು ನೋಡಿದರೆ ಶಾಲೆಗೆ ಕರೆಂಟೇ ಇಲ್ಲ. ಅವರು ತಲೆಗೆ ಕೈಕೊಟ್ಟು ಕುಳಿತಾಗ ನಮ್ಮ ಭಾವ ಎದ್ದು ನಿಂತು, "ನಮ್ಮ ಮನೆಯಲ್ಲಿ ಒಂದು ಉಂಟು ಸಾರ್. ಮಂಗಳೂರಿನ ಕಾನ್ವೆಂಟಿನದ್ದು. ಕರೆಂಟ್ ಬೇಡ, ಕಾಫಿ ಸಾಕು" ಅಂದರಂತೆ.

ಹೀಗೆ ನಾನು ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತೆ. ಸಾರ್ ಬೆರಳು ಮೇಲೆತ್ತಿದರೆ ಓದಬೇಕು, ಕೆಳಗಿಳಿಸಿದರೆ ನಿಲ್ಲಿಸಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದು, 'ಪೆನ್' ಎಂದರೆ ಅದು ಅಲುಗುವ ತನಕ ಬಿಡುತ್ತಿರಲಿಲ್ಲ. ಆ ಶಿಕ್ಷೆಯೆಲ್ಲ ಈಗ ಉಪಯೋಗಕ್ಕೆ ಬಂತು. ಹಿಂದಿನಿಂದ ಭಾವನ ಸ್ವರ: "ಸಾರ್, ಯಂತ್ರ ಸ್ವಲ್ಪ ಬೇಗ ಓಡ್ತಾ ಉಂಟು. ಕೀ ಸಡಿಲ ಮಾಡಿ!"

ಶಿಬಿರದ ಮುಖ್ಯ ನಿಯಮವೆಂದರೆ, ಒಬ್ಬರು ಪಾಠ ಮಾಡುವಾಗ ಉಳಿದ ಮಾಸ್ಟ್ರುಗಳು ಐದನೇ ಕ್ಲಾಸಿನ ಮಕ್ಕಳಾಗಬೇಕು. ಮೀಸೆಯವರು, ಕನ್ನಡಕದವರು, ಮಗಳಿಗೆ ಗಂಡು ಹುಡುಕುತ್ತಿದ್ದವರು ಎಲ್ಲರೂ ಪುಟ್ಟ ಬೆಂಚುಗಳಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿ ಕುಳಿತುಕೊಳ್ಳುವರು. ಅಬ್ಬಾ, ಎಂಥ ಮಕ್ಕಳು ಗೊತ್ತೇ! ಪ್ರಶ್ನೆ ಮುಗಿಯುವ ಮೊದಲೇ ಎಲ್ಲರ ಕೈ ಮೇಲೆ. ಅಂಥ ಒಂದು ಕ್ಲಾಸು ಸಿಕ್ಕಿದರೆ ಮಾಸ್ಟ್ರಾದವರು ಮನೆಯಲ್ಲೇ ಮಲಗಬಹುದು.

ಸಾರ್ ಒಂದು ಚಿತ್ರ ಎತ್ತಿ ಹಿಡಿದರು. "ವಾಟ್ ಈಸ್ ದಿಸ್?"

"ದಿಸ್ ಈಸ್ ಎ ಬಾಲ್, ಸಾರ್!" ಹಂಚಿನ ಮಾಡು ಹಾರಿಹೋಗುವಂತೆ ಉತ್ತರ.

ಒಬ್ಬರು ಮಾತ್ರ ಕೊನೆಯ ಬೆಂಚಿನಲ್ಲಿ ಕುಳಿತು, ಅಂಗಿಯ ಕಾಲರ್ ಜಗಿಯುತ್ತ ಕಿಟಕಿಯಾಚೆ ಇದ್ದ ದನ ನೋಡುತ್ತಿದ್ದರು. ಸಾರ್ ಅವರನ್ನು ಎಬ್ಬಿಸಿದರು. ಭಾವ ಎದ್ದು, ಒಂದು ಕಾಲಿನಿಂದ ಇನ್ನೊಂದು ಕಾಲು ತುರಿಸಿಕೊಂಡು, "ದಿಸ್ ಈಸ್ ಎ... ಚಿತ್ರ" ಅಂದರು.

"ನೋ, ನೋ! ನೋ ಮದರ್ ಟಂಗ್!"

"ಅದು ಮದರ್ ಟಂಗ್ ಅಲ್ಲ ಸಾರ್. ನಮ್ಮ ಮನೆಯಲ್ಲಿ ತುಳು. ಕನ್ನಡವನ್ನು ಶಾಲೆಗೆ ಬಂದ ಮೇಲೆ ಕಲಿತದ್ದು."

ಸಾರ್ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಗದರಿಸಿದರು. ಭಾವ ಬಾಯಿ ತೆರೆದು ಅಷ್ಟನ್ನೂ ಕೇಳಿ, ಪಕ್ಕದವರನ್ನು ಮೆಲ್ಲನೆ ವಿಚಾರಿಸಿದರು: "ಎಂತ ಹೇಳುದು ಅವ್ರು? ಹೊಗಳುದಾ?"

ನನ್ನ ಓರಗಿತ್ತಿ, ಎಂದರೆ ಭಾವನ ಹೆಂಡತಿ, ರಾತ್ರಿ ಮನೆಯಲ್ಲಿ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಇಷ್ಟು ವರ್ಷ ಊರ ಮಕ್ಕಳಿಗೆ ಕಲಿಸಿ ಬರ್ತಿದ್ರು. ಈಗ ಎಂತದೂ ಕಲಿಯದೆ ಬರ್ಲಿಕ್ಕೆ ಹೋಗುದು!" ನಮ್ಮ ಯಜಮಾನರು ಊಟದಿಂದ ತಲೆ ಎತ್ತದೆ, "ಸಂಬಳ ತೆಗೊಂಡು ದಡ್ಡ ಆದವ ನಮ್ಮ ಅಣ್ಣ ಒಬ್ಬನೇ. ಉಳಿದವರು ಅದನ್ನು ಪುಕ್ಕಟೆ ಮಾಡ್ತಾರೆ" ಅಂದರು.

ಭಾವ ಇದನ್ನು ತಮಾಷೆಗೆ ಮಾಡುತ್ತಿದ್ದರೆಂದು ತಿಳಿಯಬೇಡಿ. ಉಳಿದವರು ಪಾಠಕ್ಕೆ ತಯಾರಿ ನಡೆಸಿದರೆ, ಇವರು ದಡ್ಡತನಕ್ಕೆ ತಯಾರಿ ನಡೆಸುತ್ತಿದ್ದರು! ಬೆಳಿಗ್ಗೆ ಗಡ್ಡ ಹೆರೆಯುತ್ತ ಕನ್ನಡಿಯಲ್ಲಿ ಪೆಚ್ಚುಮೋರೆ ಮಾಡಿ, "ಹೇಗುಂಟು?" ಎಂದು ನನ್ನನ್ನು ಕೇಳುವರು. "ಚೆನ್ನಾಗಿದೆ ಭಾವ" ಎಂದರೆ ಸಮಾಧಾನವಿಲ್ಲ. "ಇದು ಗೊತ್ತಿಲ್ಲದವನ ಮುಖ ಮಾರಾಯ್ತಿ. ನನಗೆ ಬೇಕಾದ್ದು ಗೊತ್ತಿದ್ದೂ ಹೇಳ್ಲಿಕ್ಕೆ ಹೆದರುವವನದ್ದು. ಅದು ಬೇರೆ." ಮತ್ತೆ ಸಾಬೂನು ಹಚ್ಚಿಕೊಂಡು ಇನ್ನೊಂದು ಮುಖ. ಹೆದರುವವನಿಗೆ ಸಾಬೂನಿನ ನೊರೆ ಒಳ್ಳೆಯದಾಗಿ ಒಪ್ಪುತ್ತಿತ್ತು.

ಮರುವರ್ಷದ ಶಿಬಿರ ಸುಳ್ಯದಲ್ಲಿ. ಅಲ್ಲಿಯೂ ಕರೆಂಟಿನ ತಾಪತ್ರಯ. ಹಾಗಾಗಿ ಯಂತ್ರವೂ ಬಸ್ಸಿನಲ್ಲಿ ಹೋಯಿತು. ಆ ಸಲದ ಪಾಠ ನಡೆಯುವುದು, ನಿಲ್ಲುವುದು, ಬಾಗಿಲು ತೆರೆಯುವುದು. ಸುಳ್ಯದ ಒಬ್ಬ ಮಾಸ್ಟ್ರು ಪಾಠ ಮಾಡುತ್ತ ಧೈರ್ಯದಿಂದ ಭಾವನನ್ನೇ ಕರೆದರು. "ಗೋ ಟು ದ ಡೋರ್!"

ಭಾವ ಬಾಗಿಲಿಗೆ ಹೋದರು. ಮಾಸ್ಟ್ರು ಕ್ಲಾಸಿನ ಕಡೆ ತಿರುಗಿ, "ವಾಟ್ ಈಸ್ ಹಿ ಡೂಯಿಂಗ್?" ಎಂದರು. "ಹಿ ಈಸ್ ಗೋಯಿಂಗ್ ಟು ದ ಡೋರ್!" ಎಂದು ಮಕ್ಕಳೆಲ್ಲ ಕೂಗಿದರು. ಎಷ್ಟು ಸೊಗಸಾದ ಪಾಠ! ಆದರೆ ಮಾಸ್ಟ್ರು ಮತ್ತೆ ಬಾಗಿಲ ಕಡೆ ನೋಡಿದಾಗ ಅಲ್ಲಿ ಯಾರಿದ್ದರು? ಬಾಗಿಲು ಮಾತ್ರ.

ಭಾವ ಹಿಂದೆ ಬಂದಾಗ ಆ ಪಾಠ ಮುಗಿದು ಇನ್ನೊಬ್ಬರದು ಶುರುವಾಗಿತ್ತು. ಬಾಯಿಯಿಂದ ಹೋಟೆಲಿನ ಬಿಸಿ ಗೋಳಿಬಜೆಯ ಪರಿಮಳ. ಬೆಂಗಳೂರಿನ ಸಾರ್ ಕೆಂಡವಾಗಿ, "ಎಲ್ಲಿಗೆ ಹೋಗಿದ್ರಿ ರೀ?" ಎಂದು ತಾವೇ ಮಾಡಿದ ನಿಯಮ ಮುರಿದು ಕನ್ನಡದಲ್ಲಿ ಕೇಳಿದರು.

"ಗೋ ಅಂದ್ರು, ಹೋದೆ ಸಾರ್."

"ಮತ್ತೆ ವಾಪಸ್ ಬರಬೇಡ್ವೆ?"

"'ಕಮ್' ಇನ್ನೂ ಆಗಿಲ್ಲ ಅಲ್ವಾ ಸಾರ್? ಅದು ಮುಂದಿನ ಪಾಠದಲ್ಲಿ ಇರುದು."

ಸಾರ್ ತಮ್ಮ ಪುಸ್ತಕ ತೆಗೆದು ನೋಡಿದರು. ಹೌದು, ಮುಂದಿನ ಪಾಠದಲ್ಲಿಯೇ ಇತ್ತು! ಆ ಪುಸ್ತಕವನ್ನು ಅವರು ಎಷ್ಟು ಮೆಲ್ಲಗೆ ಮುಚ್ಚಿದರೆಂದರೆ ನನಗೆ ಅವರ ಮೇಲೆ ಕನಿಕರ ಹುಟ್ಟಿತು.

ಇಷ್ಟಾದ ಮೇಲೆ ಭಾವನ ಹೆಸರು ಕೇಳಿದರೆ ಮಾಸ್ಟ್ರುಗಳಿಗೆ ಚಳಿ. ಇವರಿರುವ ಶಿಬಿರದಲ್ಲಿ ಮಾದರಿ ಪಾಠ ಮಾಡಲು ಯಾರೂ ಮುಂದೆ ಬರಲೊಲ್ಲರು. ಅದರಲ್ಲೂ ಮೂರನೆಯ ವರ್ಷ, ನಾನು ಮತ್ತೆ ಯಂತ್ರವಾಗಿ ಹೋದ ಕಡಬದ ಶಿಬಿರಕ್ಕೆ ಮಂಗಳೂರಿನಿಂದ ವಿದ್ಯಾಧಿಕಾರಿಗಳೇ ಬಂದು ಕುಳಿತುಕೊಳ್ಳುತ್ತಾರೆ, ಪಾಠ ಸರಿಯಾಗದ ತಾತ್ಕಾಲಿಕ ಶಿಕ್ಷಕರನ್ನು ಜೂನ್‌ನಲ್ಲಿ ಮುಂದುವರಿಸುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು.

ಹಾಗೆ ತಾತ್ಕಾಲಿಕವಾಗಿದ್ದವಳು ಗುಂಡ್ಯದ ಕಡೆಯಿಂದ ಬಂದಿದ್ದ ಒಬ್ಬ ಟೀಚರ್. ಇಪ್ಪತ್ತರ ಹುಡುಗಿ. ಒಗೆದೊಗೆದು ತೆಳ್ಳಗಾದ ನೀಲಿ ಸೀರೆಯ ಸವೆದ ಅಂಚನ್ನು ಒಳಗೆ ಮಡಚಿ ಹೊಲಿದುಕೊಂಡಿದ್ದಳು. ಎಷ್ಟು ಸಣ್ಣ ಹೊಲಿಗೆ ಎಂದರೆ, ನಮ್ಮ ಸಿಸ್ಟರ್ ನೋಡಿದ್ದರೆ ಬಹುಮಾನ ಕೊಡುತ್ತಿದ್ದರು. ತಂದೆ ತೀರಿಕೊಂಡಿದ್ದರು. ತಾಯಿಯೂ ಇಬ್ಬರು ತಮ್ಮಂದಿರೂ ಇವಳ ಕೆಲಸವನ್ನೇ ನಂಬಿದ್ದರು. ಅವಳ ಪಾಠ ಇದ್ದುದು ಊಟವಾದ ಮೇಲೆ. ಬೆಳಿಗ್ಗೆಯೇ ಅವಳು ನನ್ನನ್ನು ಶಾಲೆಯ ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಅಕ್ಕಾ, ನಿಮ್ಮ ಭಾವನವರಿಗೆ ಮಧ್ಯಾಹ್ನದ ಮೇಲೆ ಒಂಚೂರು ಜ್ವರ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ನಗು ಬಂತು, ಆದರೆ ಅವಳ ಕಣ್ಣಿನಲ್ಲಿ ನೀರಿತ್ತು. ನಾನು ನೇರವಾಗಿ ಭಾವನ ಬಳಿಗೆ ಹೋದೆ. ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು.

"ಭಾವ, ಇವತ್ತು ಒಂದು ದಿನ ಬುದ್ಧಿವಂತರಾಗಿ."

"ಕಷ್ಟ ಉಂಟು. ಅಭ್ಯಾಸ ತಪ್ಪಿದೆ."

"ತಮಾಷೆ ಅಲ್ಲ. ಆ ಹುಡುಗಿಯ ಕೆಲಸ ಹೋಗ್ತದೆ."

ಭಾವ ಎಲೆಯ ನಾರು ತೆಗೆದು ಸುಣ್ಣ ಹಚ್ಚಿದರು. "ನೋಡುವ" ಅಂದರು. ಅವರ ಬಾಯಿಯಲ್ಲಿ 'ನೋಡುವ' ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರಿಗೆ ತಿಳಿದಿತ್ತು?

ಮಧ್ಯಾಹ್ನ ಅಧಿಕಾರಿಗಳು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಟೀಚರ್ ಬೆಂಗಳೂರಿನ ಸಾರ್ ತಂದ ಚಿತ್ರಗಳನ್ನು ತೆಗೆದುಕೊಳ್ಳದೆ, ಮನೆಯಿಂದಲೇ ಒಂದು ತೆಂಗಿನ ಗೆರಟೆ, ಒಂದು ನಿಂಬೆಹಣ್ಣು ತಂದಿದ್ದಳು. ಹಣ್ಣನ್ನು ಗೆರಟೆಯ ಮೇಲೆ ಇಡುವುದು, ಒಳಗೆ ಇಡುವುದು, ಕವುಚಿ ಅಡಿಗೆ ಇಡುವುದು. ಆನ್, ಇನ್, ಅಂಡರ್. ಅಷ್ಟೇ ಪಾಠ. ಆದರೆ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಗೆರಟೆ ಮೇಜಿನ ಮೇಲೆ ಕಟಕಟ ಸದ್ದು ಮಾಡುತ್ತಿತ್ತು. ಹಣ್ಣಿನ ಮೇಲೆ ಗೆರಟೆ ಕವುಚಿ ಬರೀ ತುಟಿ ಅಲುಗಿಸಿದಳು. ಮಾಸ್ಟ್ರುಗಳಿಗೆ ಅವಳ ಮೇಲೆ ಮರುಕ. ಅವಳು ಕೇಳುವ ಮೊದಲೇ ಎಲ್ಲರೂ ಒಟ್ಟಿಗೆ, "ದ ಲೈಮ್ ಈಸ್ ಅಂಡರ್ ದ ಶೆಲ್!" ಎಂದು ಬೊಬ್ಬೆ ಹೊಡೆದರು.

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. "ಇವರಿಗೆಲ್ಲ ಇದು ನೀವು ಹುಟ್ಟುವ ಮೊದಲೇ ಗೊತ್ತಿತ್ತು. ನೀವು ಕಲಿಸಿದ್ದು ಏನು?"

ಅವಳು ತಲೆ ತಗ್ಗಿಸಿ ನಿಂತಳು. ಆಗ ಕೊನೆಯ ಬೆಂಚಿನಿಂದ ಒಂದು ಕೈ ಮೆಲ್ಲಗೆ ಮೇಲೆ ಬಂತು.

"ಟೀಚರ್, ನಂಗೆ ಗೊತ್ತಾಗ್ಲಿಲ್ಲ."

ದೇವರೇ! ನನಗೆ ಕುರ್ಚಿಯ ಅಡಿಗೆ ಹೋಗಿ ಕುಳಿತುಕೊಳ್ಳುವಂತಾಯಿತು. ಮಾಸ್ಟ್ರುಗಳೆಲ್ಲ ಹಿಂದೆ ತಿರುಗಿ ಕಣ್ಣಿನಲ್ಲೇ ಭಾವನನ್ನು ಸುಟ್ಟರು. ಟೀಚರ್ ತಲೆ ಎತ್ತಿ ನೋಡಿದಳು. ಭಾವನದು ಕನ್ನಡಿಯ ಮುಂದೆ ಕಲಿತ ಅದೇ ಹೆದರುವವನ ಮುಖ, ಸಾಬೂನಿನ ನೊರೆಯೊಂದು ಇರಲಿಲ್ಲ, ಅಷ್ಟೆ.

ಅವಳು ಗೆರಟೆ, ನಿಂಬೆಹಣ್ಣು ಎತ್ತಿಕೊಂಡು ನೇರ ಹಿಂದಿನ ಬೆಂಚಿಗೆ ನಡೆದಳು. ಉಳಿದವರೆಲ್ಲ ಭಾವನನ್ನು ಎಬ್ಬಿಸಿ ನಿಲ್ಲಿಸಿ ಕೇಳಿದವರು. ಇವಳು ಅವರ ಬೆಂಚಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಹಣ್ಣನ್ನು ಅವರ ಅಂಗೈಯಲ್ಲಿಟ್ಟು, ಮೇಲೆ ಗೆರಟೆ ಮುಚ್ಚಿ, "ವೇರ್ ಈಸ್ ದ ಲೈಮ್?" ಅಂದಳು. ಸ್ವರ ಎಲ್ಲಿಂದ ಬಂತೋ!

"ಆನ್?" ಭಾವ ಹೆದರಿ ಹೆದರಿ ಹೇಳಿದರು.

ತಪ್ಪು ಎಂದು ಅವಳು ಹೇಳಲಿಲ್ಲ. ಹಣ್ಣನ್ನು ತೆಗೆದು ಭಾವನ ನೆತ್ತಿಯ ಮೇಲೆ ಇಟ್ಟಳು. "ಆನ್." ನಿಂಬೆಹಣ್ಣು ಹೊತ್ತ ಇಂಗ್ಲಿಷ್ ಮಾಸ್ಟ್ರನ್ನು ನೋಡಿ ಯಾರೂ ನಗಲಿಲ್ಲ, ಮುಂದೇನು ಎಂದು ಎಲ್ಲರೂ ಕುತ್ತಿಗೆ ಚಾಚಿದ್ದರು. ಮತ್ತೆ ಹಣ್ಣು ಬೆಂಚಿನ ಅಡಿಗೆ. "ಅಂಡರ್." ಭಾವ ಬಗ್ಗಿ ಹುಡುಕಿದರು. ಮತ್ತೆ ಅವರ ಜೇಬಿನ ಒಳಗೆ, ಮತ್ತೆ ಗೆರಟೆಯ ಅಡಿಗೆ. ಅವಳಿಗೆ ಅಧಿಕಾರಿಗಳು ಮರೆತೇಹೋಗಿದ್ದರು. ಎದುರಿಗೆ ಇದ್ದವನು ಒಬ್ಬ ಹುಡುಗ, ಅವನಿಗೆ ಗೊತ್ತಾಗಬೇಕು.

ಭಾವನ ತುಟಿ ಎರಡು ಸಲ ಅಲುಗಿತು. "ದ ಲೈಮ್ ಈಸ್... ಅಂಡರ್... ದ ಗೆರಟೆ, ಟೀಚರ್!"

ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. "ಗುಡ್ ಬಾಯ್!" ಎಂದವಳೇ, ತನ್ನ ತಂದೆಗಿಂತ ಹಿರಿಯರಾದ ಅವರ ನರೆತ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರುವಂತೆ ಸವರಿದಳು. ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಮುಖ ಕುಂಕುಮವಾಯಿತು.

ಅಧಿಕಾರಿಗಳು ಪೆನ್ನು ಎತ್ತಿಕೊಂಡು, "ಎಷ್ಟೋ ಶಿಬಿರ ನೋಡಿದ್ದೇನೆ. ಕಲಿತ ಹುಡುಗ ಇವತ್ತು ಸಿಕ್ಕಿದ" ಎನ್ನುತ್ತ ಬರೆದುಕೊಂಡರು. ಜೂನ್‌ನಲ್ಲಿ ಅವಳು ತನ್ನ ಶಾಲೆಗೇ ಹೋದಳು.

ಆ ಸಂಜೆ ಪುತ್ತೂರಿನ ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಭಾವ ನನ್ನ ಹಿಂದೆ. ನನಗಿನ್ನೂ ಸಮಾಧಾನವಾಗಿರಲಿಲ್ಲ.

"ನಾನು ಅಷ್ಟು ಹೇಳಿದ್ರೂ ದಡ್ಡರೇ ಆದಿರಲ್ಲ ಭಾವ! ಅವಳಿಗೆ ಸಾಧ್ಯ ಆಗದಿದ್ರೆ?"

"ಎಲ್ಲರೂ ಬುದ್ಧಿವಂತರಾದ್ರೆ ಅವಳು ಯಾರಿಗೆ ಕಲಿಸುದು ಮಾರಾಯ್ತಿ?"

ಬಸ್ಸು ಒಂದು ತಿರುವು ಕಳೆಯಿತು. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಗ ಹಿಂದಿನಿಂದ ಅವರ ಸ್ವರ ತೀರಾ ಮೆಲ್ಲಗೆ ಕೇಳಿಸಿತು.

"ತಲೆ ಮೇಲೆ ಇಟ್ಟಾಗ ಅವಳ ಕೈ ನಡುಗ್ತಾ ಇರ್ಲಿಲ್ಲ."

ನಾನು ತಿರುಗಿ ನೋಡಿದೆ. ಭಾವ ಕಿಟಕಿಯಾಚೆ ನೋಡುತ್ತಿದ್ದರು. ಟೀಚರ್ ಕೆದರಿದ ಕೂದಲನ್ನು ಅವರು ಮನೆ ತಲುಪುವ ತನಕ ಬಾಚಿಕೊಳ್ಳಲಿಲ್ಲ.