ಹೆಂಡತಿಗೆ ಕೋಟೆ ತೋರಿಸಿದ್ದು

ಪ್ರಮಿಳಾ: ಚಪ್ಪಲಿ ಅಂದ್ರಿ. ಗೆಳ್ಯಾರನ್ನೆಲ್ಲಾ ಕೂಡ್ರಿಸಿಕೊಂಡು ನನ್ನ ಹೋಳಿಗಿಗೆ ಚಪ್ಪಲಿ ಅಂದ್ರಿ!

ಬಾಳೇಶ: ಸುಳ್ಳ ಹೇಳಬ್ಯಾಡ. ಚಪ್ಪಲಿ ಅಂದಿಲ್ಲ. ಚಪ್ಪಲಿ ಅಟ್ಟಿ ಅಂದೆ.

ಬೆಳಗಾವಿ ಕೋಟೆಯ ಬಾಗಿಲಲ್ಲೇ ಗಂಡ ಹೆಂಡಿರ ಜಗಳ ಶುರುವಾಗಿತ್ತು. ಹೋಳಿಗೆ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ ಎಂಬ ಆ ಒಂದು ಮಾತಿಗೆ ಪ್ರಮಿಳಾ ಪೀರನವಾಡಿಯ ಮನೆ ಬಿಟ್ಟು ಖಾನಾಪುರದ ತವರು ಸೇರಿದ್ದಳು. ‘ಮದುವೆಯಾದಾಗಿನಿಂದ ಎಲ್ಲಿಗೂ ಕರೆದುಕೊಂಡು ಹೋಗಿಲ್ಲ. ಮೊದಲು ಕೋಟೆ ತೋರಿಸಲಿ, ಮನೆಗೆ ಬರುವುದು ಬಿಡುವುದು ಆಮೇಲೆ’ ಎಂದು ಫೋನಿನಲ್ಲಿ ಹೇಳಿದ್ದಳು. ಉದ್ಯಮಬಾಗದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುವ ಬಾಳೇಶ ಅದಕ್ಕೇ ರಜೆ ಹಾಕಿ ಬಂದಿದ್ದ. ಇವತ್ತೊಂದು ದಿನ ತುಟಿ ಬಿಗಿಹಿಡಿದಿರಬೇಕೆಂದು ನಿಶ್ಚಯವನ್ನೂ ಮಾಡಿದ್ದ. ಆದರೆ ಯಾವುದಕ್ಕೂ ಹೆಸರಿಡದೆ, ಕೊಂಕು ತೆಗೆಯದೆ ಇರುವುದು ಅವನ ಜಾಯಮಾನವೇ ಅಲ್ಲ.

ಬಾಳೇಶ: ಅದಿರಲಿ, ಕೋಟಿ ಎಲ್ಲೈತಿ?

ಪ್ರಮಿಳಾ: ಈಗ ದಾಟಿ ಬಂದ್ರಲ್ಲ, ಅದ ಅದರ ಬಾಗಲಾ. ಕೋಟಿ ಒಳಗ ನಿಂತೀರಿ.

ಬಾಳೇಶ: ಇದ? ಆಟೋ ಹೊಂಟಾವ, ಗಿಡದ ಬುಡಕ ಚಾ ಮಾರಾಕತ್ತಾರ. ಇದು ಕೋಟಿ ಆದ್ರ ನಮ್ಮ ಪೀರನವಾಡಿನೂ ಕೋಟಿನ ಹಂಗಾರ.

ಪ್ರಮಿಳಾ: ಖರೇ ಐತ್ರಿ. ಅಲ್ಲೂ ಒಬ್ರು ತಾವ ರಾಜಾ ಅಂತ ತಿಳಕೊಂಡಾರ.

ಇಬ್ಬರೂ ಗೋಡೆಯ ಗುಂಟ ಸ್ವಲ್ಪ ದೂರ ನಡೆದರು. ತುಟಿ ಬಿಗಿಹಿಡಿಯುವುದು ಬಾಳೇಶನಿಗೆ ಅಷ್ಟು ದೂರವೇ ಸಾಧ್ಯವಾದದ್ದು.

ಬಾಳೇಶ: ಇಷ್ಟ ದಪ್ಪ ಗೋಡಿ ಯಾಕ ಬೇಕಾಗಿತ್ತ? ಕಲ್ಲೆಲ್ಲಾ ದಂಡ.

ಪ್ರಮಿಳಾ: ರಾಣಿ ಸಿಟ್ಟಾಗಿ ತವರಮನಿಗೆ ಹೋಗಬಾರದಂತ ಇರಬೇಕು.

ಬಾಳೇಶ: ಏಯ್, ರಾಣಿ ಹೋಗಬಾರದಂತ ಅಲ್ಲ. ರಾಣಿ ಅವ್ವ ಬರಬಾರದಂತ!

ಮಾತು ಬಾಯಿಂದ ಬಿದ್ದಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಪ್ರಮಿಳಾ ತಿರುಗಿಯೂ ನೋಡದೆ, ಸೆರಗು ಸಿಕ್ಕಿಸಿಕೊಂಡು ಕೋಟೆಯೊಳಗೇ ಇದ್ದ ಕಮಲ ಬಸದಿಯ ಕಡೆ ಬಿರಬಿರನೆ ನಡೆದಳು. ಕೆಲಸ ಕೆಟ್ಟಿತೆಂದುಕೊಂಡು ಬಾಳೇಶ ಹಿಂದೆ ಓಡಿದ.

ಬಸದಿಯೊಳಗೆ ತಂಪಾಗಿತ್ತು. ಛಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿ ಇಳಿಬಿದ್ದಿತ್ತು. ಬಾಳೇಶ ಕತ್ತೆತ್ತಿದ. ದಿನವೆಲ್ಲ ಕಬ್ಬಿಣ ತಿರುವುವ ಅವನ ಕಣ್ಣು ಎಸಳಿನಿಂದ ಎಸಳಿಗೆ ಹರಿದು ಒಂದು ಸುತ್ತು ಬಂತು. ಬಾಯಿ ತೆರೆಯಿತು; ಮಾತು ಹೊರಡಲಿಲ್ಲ.

ಪ್ರಮಿಳಾ: ಯಾಕ್ರಿ, ಆರಾಮ ಅದೀರಿಲ್ಲ?

ಬಾಳೇಶ: ಹೂಂ.

ಪ್ರಮಿಳಾ: ಮತ್ತ ಹೆಸರಿಡವಲ್ರಿ? ಕುತ್ತಿಗಿ ನೋಯ್ತು ಅಂತಾದ್ರೂ ಅನ್ರಿ.

ಬಾಳೇಶ: ಉಳಿ ಒಮ್ಮೆ ಜಾರಿದ್ರ ಮುಗದಿತ್ತು ನೋಡ. ಏನ ಕೈ ಇದ್ದೀತು ಕೆತ್ತಿದವಂದು!

ಪ್ರಮಿಳಾ: ಹೋಳಿಗಿನೂ ಕೈಲೇ ಮಾಡತಾರ್ರಿ.

ಬಾಳೇಶ ಕಮಲವನ್ನು ಬಿಟ್ಟು ನೆಲ ನೋಡಿದ.

ಬಾಳೇಶ: ಮಂದಿ ಮುಂದ ನಾ ಹಂಗ ಅನ್ನಬಾರದಿತ್ತು. ತಪ್ಪಾತು.

ಪ್ರಮಿಳಾ ಬಸದಿಯಿಂದ ಹೊರಬಿದ್ದಳು. ಬಸ್‌ಸ್ಟ್ಯಾಂಡಿಗೆ ನಡೆದುಬಂದು ಖಾನಾಪುರದ ಬಸ್ಸು ಹತ್ತಿದಳು; ಬಾಳೇಶನೂ ಹಿಂದೆಯೇ ಹತ್ತಿದ. ಅದು ಪೀರನವಾಡಿಯ ಮೇಲೆಯೇ ಹೋಗುವ ಬಸ್ಸು. ಎಲ್ಲಿ ಇಳಿಯುತ್ತೀ ಎಂದು ಕೇಳಲು ಬಾಳೇಶನಿಗೆ ಧೈರ್ಯ ಸಾಲಲಿಲ್ಲ. ಕೇಳಿದವನು ಕಂಡಕ್ಟರ್.

ಕಂಡಕ್ಟರ್: ಎಲ್ಲಿಗ್ರಿ ಅಕ್ಕಾರ?

ಪ್ರಮಿಳಾ: ಒಂದು ಪೀರನವಾಡಿ, ಒಂದು ಖಾನಾಪುರ.

ಬಾಳೇಶನ ಮುಖ ಕಪ್ಪಿಟ್ಟಿತು.

ಬಾಳೇಶ: ತಪ್ಪಾತು ಅಂದೆನಲ್ಲ ಪ್ರಮಿಳಾ! ಮತ್ತ ತವರಮನಿಗೆ ಹೊಂಟಿ?

ಪ್ರಮಿಳಾ: ನಾ ಎಲ್ಲಿ ಹೊಂಟೇನ್ರಿ? ಪೀರನವಾಡಿ ನಂದು, ಖಾನಾಪುರ ನಿಮ್ಮದು. ನನ್ನ ಅರಿವಿ ಬ್ಯಾಗ ಅಲ್ಲೇ ಐತಿ, ತಗೊಂಡ ಬರ್ರಿ. ಅವ್ವ ಹೊಸ್ತಲದಾಗ ಕುಂತಿರತಾಳ; ಆಕಿ ಏನಂದ್ರೂ ಹೂಂ ಅನ್ರಿ, ಅಷ್ಟ.

ಬಾಳೇಶ ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗೈ ಚಾಚಿದಳು.

ಪ್ರಮಿಳಾ: ಮನಿ ಕೀಲಿ ಕೊಡ್ರಿ ಇತ್ತ.