ನಾನು ಸಂಘದ ವೆಬ್‌ಪುಟ ರಿಪೇರಿ ಮಾಡಿದ್ದು

ಕಂಪ್ಯೂಟರ್ ಕಂಡರೆ ಹೆದರುವ ಹಿರಿಯರ ಪೈಕಿ ನಾನಲ್ಲ. ಇದನ್ನು ಆರಂಭದಲ್ಲೇ ಸ್ಪಷ್ಟಪಡಿಸಿಬಿಡುತ್ತೇನೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರ ದಾಖಲೆ ವಿಭಾಗಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಕೆಲಸಗಾರರು ಯಂತ್ರದ ಪಕ್ಕ ಹಳೆಯ ನಕಾಶೆ ಇಟ್ಟುಕೊಂಡು ಕೆಲಸ ಮಾಡದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ಕೆಂಪು ಮೊಹರು ಹೊಡೆದ ‘ಕಂಟ್ರೋಲ್ಡ್ ಕಾಪಿ’ ಮಾತ್ರ ಅಧಿಕೃತ. ಮೊಹರಿಲ್ಲದ ಕಾಗದ ನನ್ನ ಕೈಗೆ ಸಿಕ್ಕರೆ ಅಲ್ಲೇ ಎರಡು ತುಂಡು! ನಾನು ಬರುವುದು ಕಂಡರೆ ಫಿಟ್ಟರುಗಳು ಊಟದ ಭಾಕರಿ ರೊಟ್ಟಿ ಸುತ್ತಿ ತಂದ ಪೇಪರನ್ನೂ ಬಚ್ಚಿಡುತ್ತಿದ್ದರು.

ನಿವೃತ್ತಿಯಾದ ಮೇಲೆ ಕಾರ್ಖಾನೆ ನನ್ನನ್ನು ಬಿಟ್ಟಿತು. ನಾನು ಶಿಸ್ತನ್ನು ಬಿಡಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿದ್ದೇನೆ. “ಉಪ್ಪು ಅಂತ ಬರದೀರಿ, ಒಳಗ ಸಕ್ಕರಿ ತುಂಬೀರಿ,” ಎಂದು ನನ್ನ ಹೆಂಡತಿ ಗಿರಿಜೆ ಒಮ್ಮೆ ಆಕ್ಷೇಪಣೆ ಸಲ್ಲಿಸಿದ್ದುಂಟು. ಅದು ಬೇರೆ ವಿಷಯ.

ನಮ್ಮ ಕನ್ನಡ ಸಂಘಕ್ಕೂ ಈ ಶಿಸ್ತಿನ ಲಾಭ ದೊರೆತಿದೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಗುಲಾಬಿ, ಸಂಜೆಯಾದರೆ ದೀಪ; ನಡುವೆ ಎಲ್ಲೋ ಒಂದು ಸೂಚನೆ. ಅದು ಯಾರಿಗೂ ಸಿಗುತ್ತಿರಲಿಲ್ಲ. ಇನ್ನು ಮುಂದೆ ಸಂಘದ ಸಕಲ ಪ್ರಕಟಣೆಗಳೂ ಸಂಘದ ವೆಬ್‌ಪುಟದಲ್ಲಿ ಮಾತ್ರ ಬರತಕ್ಕದ್ದು, ಫೋನು ಮಾಡತಕ್ಕದ್ದಲ್ಲ ಎಂದು ವಾರ್ಷಿಕ ಸಭೆಯಲ್ಲಿ ನಾನೇ ಗೊತ್ತುವಳಿ ಮಂಡಿಸಿದೆ. ಸರ್ವಾನುಮತದಿಂದ ಅಂಗೀಕಾರವಾಯಿತು. ಊಟಕ್ಕೆ ಹೊತ್ತಾಗಿತ್ತು.

ಈ ಸಲ ಸಂಘದವರು ನಾಟಕ ಆಡಲು ಹೊರಟರು. ಅದರಲ್ಲಿ ಊರಿಗೆ ಊರನ್ನೇ ಬೈದು ನೆಟ್ಟಗೆ ಮಾಡುವ ಒಬ್ಬ ಅಜ್ಜಿಯ ಪಾತ್ರವಿದೆ. ಸಂಘದ ಕಾರ್ಯದರ್ಶಿ ಸುಧಾ ಅವರೇ ನಿರ್ದೇಶಕಿ. ಬೆಂಗಳೂರಿನ ಹುಡುಗಿ, ಹತ್ತಿರದ ಮಹಾಪೆಯ ಒಂದು ಕಚೇರಿಯಲ್ಲಿ ಕೆಲಸ. ಪಾತ್ರದ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದು ಎಂದಿದ್ದರು. ಗಿರಿಜೆ ಗದಗಿನ ಶಾಲೆಯಲ್ಲಿದ್ದಾಗ ನಾಟಕ ಮಾಡಿದವಳು. ಮದುವೆಯಾದ ಮೇಲೆ ನನ್ನ ಶಿಫ್ಟು, ನನ್ನ ಡಬ್ಬಿ, ನನ್ನ ಇಸ್ತ್ರಿ ಇವುಗಳಲ್ಲೇ ಅವಳ ರಂಗಭೂಮಿ ಮುಗಿದಿತ್ತು. ಪರೀಕ್ಷೆಯ ವಿಷಯ ತಿಳಿದಾಗಿನಿಂದ ರೊಟ್ಟಿ ಬಡಿಯುವಾಗ ಅವಳ ತುಟಿ ತಾನೇ ಅಲ್ಲಾಡುತ್ತಿತ್ತು. ಹಿಟ್ಟಿಗೆ ಯಾಕೆ ಇಷ್ಟು ಸಿಟ್ಟಿನ ಪೆಟ್ಟು ಬೀಳುತ್ತಿದೆ ಎಂದು ನನಗೆ ತಡವಾಗಿ ಹೊಳೆಯಿತು.

ಪರೀಕ್ಷೆಯ ದಿನ ಅವಳು ವೇದಿಕೆ ಹತ್ತಿ ಬೈದಳು ನೋಡಿ! ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬರು, ಯಾರೂ ಕೇಳದಿದ್ದರೂ, “ತಪ್ಪಾತ್ರಿ” ಎಂದುಬಿಟ್ಟರು.

ಕೊನೆಯಲ್ಲಿ ಸುಧಾ ಹೇಳಿದರು: “ಯಾರಿಗೆ ಯಾವ ಪಾತ್ರ ಅಂತ ವೆಬ್‌ಸೈಟ್‌ನಲ್ಲಿ ಹಾಕ್ತೀವಿ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮೊದಲ ತಾಲೀಮು. ಆಯ್ಕೆಯಾದೋರು ಅವತ್ತು ಬರಲೇಬೇಕು. ಬರದಿದ್ರೆ ಪಾತ್ರ ಇನ್ನೊಬ್ಬರಿಗೆ.”

“ಸಿಗೂದಿಲ್ಲ ಬಿಡ್ರಿ, ಅಷ್ಟು ಮಂದಿ ಬಂದಾರ,” ಎಂದಳು ಗಿರಿಜೆ, ರಿಕ್ಷಾದಲ್ಲಿ. ಆದರೆ ದಾರಿಯುದ್ದಕ್ಕೂ ಅವಳ ಮುಖದಲ್ಲಿ ಒಂದು ಬೆಳಕಿತ್ತು. ಆ ಬೆಳಕಿನ ಸಂರಕ್ಷಣೆ ನನ್ನ ಹೊಣೆ ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ. “ನೀ ಫೋನ್‌ನ್ಯಾಗ ಅದೂ ಇದೂ ಒತ್ತಬ್ಯಾಡ,” ಎಂದೆ. “ಪುಟ ನೋಡೂದು ನನ್ನ ಜವಾಬ್ದಾರಿ.”

ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದು ಸಂಘದ ಪುಟಕ್ಕೆ ಹೋದೆ. ಬಣ್ಣದ ಚಿತ್ರ, ಅಂದದ ಅಕ್ಷರ, ಕೆಳಗೆ ‘ಪಾತ್ರಧಾರಿಗಳ ಹೆಸರು ಶೀಘ್ರದಲ್ಲೇ ಪ್ರಕಟವಾಗಲಿದೆ’ ಎಂಬ ಸಾಲು. ಇಂಥ ಮಹತ್ವದ ಪುಟವನ್ನು ಗಾಳಿಯಲ್ಲಿ ಬಿಡುವುದು ನನ್ನ ಪದ್ಧತಿಯಲ್ಲ. ಕ್ರಮಬದ್ಧವಾಗಿ ಸೇವ್ ಮಾಡಿ, ಡೆಸ್ಕ್‌ಟಾಪಿನ ಮೇಲೆ ‘ಕಂಟ್ರೋಲ್ಡ್ ಕಾಪಿ’ ಎಂದು ಹೆಸರಿಟ್ಟೆ. ಇನ್ನು ಮುಂದೆ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಅದನ್ನೇ ಒತ್ತಿ ತೆರೆಯುವುದು, ನೋಡುವುದು, ಮುಚ್ಚುವುದು.

ಮರುದಿನ ಬೆಳಿಗ್ಗೆ ತೆರೆದರೆ ಇದೇನು ಅನಾಹುತ!

ಪುಟದ ಬಣ್ಣವೆಲ್ಲ ಹೋಗಿತ್ತು. ಚಿತ್ರವಿದ್ದ ಜಾಗದಲ್ಲಿ ಹರಿದ ಕಾಗದದಂಥ ಒಂದು ಪುಟ್ಟ ಗುರುತು. ಅಕ್ಷರಗಳು ಮಾತ್ರ ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ಜನ ಜೋತುಬಿದ್ದಂತೆ ಎಡಗಡೆಗೆ ಒತ್ತರಿಸಿಕೊಂಡು ನಿಂತಿದ್ದವು. ಕೆಳಗೆ ಅದೇ ಸಾಲು: ಶೀಘ್ರದಲ್ಲೇ ಪ್ರಕಟವಾಗಲಿದೆ.

“ಯಾಕ್ರೀ, ಹೆಸರು ಬಂತೇನು?” ಎಂದಳು ಗಿರಿಜೆ, ಅಡುಗೆಮನೆಯಿಂದ.

“ಇಲ್ಲ. ಪುಟಕ್ಕ ಏನೋ ಆಗೇದ. ನಾ ನೋಡ್ತೀನಿ.”

ನೋಡಿದೆ. ರಿಫ್ರೆಶ್ ಒತ್ತಿದೆ. ಮತ್ತೆ ಒತ್ತಿದೆ. ಪುಟ ಒಮ್ಮೆ ಕಣ್ಣು ಮಿಟುಕಿಸಿ ಅದೇ ಅಸ್ಥಿಪಂಜರವಾಗಿ ಎದ್ದು ನಿಂತಿತು. ಅಕ್ಷರ ಸಣ್ಣದಾದ್ದರಿಂದ ಹೆಸರು ಕಾಣುತ್ತಿಲ್ಲವೇನೋ ಎಂದು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಕೊನೆಗೆ ಪರದೆಯ ತುಂಬ ಒಂದೇ ಒಂದು ‘ಶೀ’ ಉಳಿಯಿತು. ಕಸ ಗುಡಿಸುತ್ತ ಬಂದ ಗಿರಿಜೆ ಅದನ್ನು ಓದಿ, “ನನ್ನ ಪಾರ್ಟಿನ ಬಗ್ಗೆ ಬರದಾರೇನು?” ಎಂದು ಹೊರಟುಹೋದಳು.

ಹೀಗೇ ದಿನಗಳು ಕಳೆದವು. ಚಹಾ ಆದ ಮೇಲೆ ಅವಳು ಬಾಗಿಲಿಗೆ ಬಂದು ನಿಲ್ಲುವುದು, ನಾನು ತಲೆಯಲ್ಲಾಡಿಸುವುದು. ಆಮೇಲೆ ಅವಳು ಬರುವುದನ್ನು ಬಿಟ್ಟಳು. ರೊಟ್ಟಿ ಬಡಿಯುವ ಸದ್ದೂ ಮೆತ್ತಗಾಯಿತು. ಅಜ್ಜಿಯ ಮಾತುಗಳಿದ್ದ ಹಾಳೆ ದೇವರ ಕಪಾಟಿನ ಮೇಲಿಂದ ಎಲ್ಲಿಗೋ ಹೋಗಿತ್ತು. ಈ ಪುಟವನ್ನು ಸರಿಮಾಡದೆ ಬಿಡುವುದಿಲ್ಲ ಎಂದು ಶಪಥ ಮಾಡಿದೆ.

ಕುಕೀ ಎಂಬ ವಸ್ತುಗಳು ಒಳಗೆ ಸೇರಿಕೊಂಡು ಪುಟ ಕೆಡಿಸುತ್ತವೆ ಎಂದು ಎಲ್ಲೋ ಓದಿದ್ದೆ. ಎಲ್ಲವನ್ನೂ ಅಳಿಸಿದೆ. ಅವುಗಳ ಜೊತೆಗೆ ಗ್ಯಾಸು ಬುಕ್ ಮಾಡುವ ಪಾಸ್‌ವರ್ಡು, ಕರೆಂಟು ಬಿಲ್ಲಿನ ಪಾಸ್‌ವರ್ಡು, ರೈಲು ಟಿಕೇಟಿನ ಪಾಸ್‌ವರ್ಡು ಇವೂ ವೈಕುಂಠವಾಸಿಗಳಾದವು. ಪುಟ ಹಾಗೆಯೇ ಇತ್ತು.

ಮುಂದೆ ರೌಟರಿಗೆ ಕೈ ಹಚ್ಚಿದೆ. ಹಿಂದೆ ಒಂದು ಸೂಜಿಯ ತೂತಿತ್ತು. ಗಿರಿಜೆಯ ಸೇಫ್ಟಿ ಪಿನ್ ತಂದು ಚುಚ್ಚಿದೆ. ದೀಪಗಳೆಲ್ಲ ಒಮ್ಮೆಗೇ ಆರಿದವು! ಟೀವಿಯಲ್ಲಿ ಗಿರಿಜೆ ನೋಡುತ್ತಿದ್ದ ಧಾರಾವಾಹಿಯ ಸೊಸೆ ಬಾಯಿ ತೆರೆದವಳು ತೆರೆದಂತೆಯೇ ನಿಂತಳು.

ಇಂಟರ್‌ನೆಟ್ ಕಂಪನಿಯವನು ಬಂದು ಎಲ್ಲ ಮತ್ತೆ ಜೋಡಿಸಿ, “ಅಂಕಲ್, ಲೈನ್ ಏಕ್‌ದಮ್ ಬರೋಬರ್ ಹೈ. ಪಿನ್ ಮತ್ ಲಗಾನಾ,” ಎಂದು ಮತ್ತೆ ಪಿನ್ ಚುಚ್ಚದಂತೆ ಎಚ್ಚರಿಸಿದ. ಹೋಗುವಾಗ ಸೇಫ್ಟಿ ಪಿನ್ನನ್ನು ನನ್ನ ಕೈಗಲ್ಲ, ಗಿರಿಜೆಯ ಕೈಗೆ ಕೊಟ್ಟ.

ಬ್ರೌಸರನ್ನೇ ಕಿತ್ತೊಗೆದು ಬೇರೆಯದನ್ನು ಹಾಕಿಕೊಂಡೆ. ‘ಕಂಟ್ರೋಲ್ಡ್ ಕಾಪಿ’ ಒತ್ತಿದೆ. ಹೊಸ ಕಿಟಕಿಯಲ್ಲಿ ಅದೇ ಹಳೆಯ ಅಸ್ಥಿಪಂಜರ!

ಆ ಹೊತ್ತಿಗೆ ಮೇಲಿನ ಮಹಡಿಯ ಭಟ್ಟರು ಬಂದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಅವರ ಹೋಟೆಲು. ಸಂಘದ ಸದಸ್ಯರೇ, ಆದರೆ ವಾರ್ಷಿಕ ಊಟದ ಮಟ್ಟಿಗೆ.

“ಎಂತ ಮಾರಾಯ್ರೆ, ಇದು ಪುಟವೋ, ಬಾಳೆಎಲೆ ತೆಗೆದ ಮೇಲಿನ ನೆಲವೋ? ನನ್ನ ಫೋನಲ್ಲಿ ಚಂದ ಬರ್ತದಲ್ಲ! ಇಕೊಳ್ಳಿ, ಬಣ್ಣ, ಫೋಟೋ, ಎಲ್ಲ ಉಂಟು. ಹೋ, ಈ ಸಲ ಊಟಕ್ಕೆ ಹೋಳಿಗೆಯಂತೆ!” ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ನಾನು ಮುಖ ತಿರುಗಿಸಿದೆ. “ಭಟ್ಟರೇ, ನಿಮ್ಮದು ಅನ್‌ಕಂಟ್ರೋಲ್ಡ್ ಕಾಪಿ. ಅದರ ಮ್ಯಾಲೆ ನಾ ಭರವಸೆ ಇಡೂದಿಲ್ಲ.”

“ಹೋಳಿಗೆ ಮೇಲೂ ಇಲ್ವಾ?”

“ಯಾವುದರ ಮ್ಯಾಲೂ ಇಲ್ಲ!”

ಭಟ್ಟರು ಹೋಳಿಗೆಯ ಸಾಲನ್ನು ಮತ್ತೊಮ್ಮೆ ಓದಿ ಸಂತೋಷಪಟ್ಟು ಫೋನನ್ನು ಜೇಬಿಗಿಟ್ಟರು. ಅದರ ಕೆಳಗೆ ಇನ್ನೇನಿದೆ ಎಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಲೈನು, ಬ್ರೌಸರು ಎರಡೂ ಸರಿಯಿದ್ದ ಮೇಲೆ ತಪ್ಪು ನನ್ನ ಕಡೆಯದಲ್ಲವೆಂದು ಸಾಬೀತಾಯಿತು. ಸುಧಾ ಅವರಿಗೆ ಮೇಲ್ ಬರೆದೆ: ‘ಮಾನ್ಯರೇ, ಸಂಘದ ವೆಬ್‌ಪುಟವು ತೀವ್ರ ಶಿಥಿಲಾವಸ್ಥೆಯಲ್ಲಿದ್ದು, ಸದಸ್ಯರ ಮನಸ್ಸಿಗೆ ಘಾಸಿಯಾಗುತ್ತಿದೆ. ಕಾರಣಕರ್ತರನ್ನು ಗುರುತಿಸಿ ವಿವರಣೆ ಪಡೆಯತಕ್ಕದ್ದು.’ ಉತ್ತರ ಬಂತು: ‘ಸರ್, ಇಲ್ಲಿ ಸರಿಯಾಗಿ ಕಾಣ್ತಿದೆ. ಒಮ್ಮೆ ರಿಫ್ರೆಶ್ ಮಾಡಿ ನೋಡಿ.’ ರಿಫ್ರೆಶ್! ನನಗೆ! ಕೀಬೋರ್ಡಿನ ಆ ಕೀಲಿಯ ಮೇಲಿನ ಅಕ್ಷರ ಆಗಲೇ ಸವೆದುಹೋಗಿತ್ತು.

ತಾಲೀಮಿನ ಭಾನುವಾರ ಬಂದೇಬಿಟ್ಟಿತು. ಗಿರಿಜೆ ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಭಟ್ಟರ ಸ್ಕೂಟರಿನ ಹಿಂದೆ ಹತ್ತಿ, ತಾಲೀಮು ನಡೆಯುವ ಶಾಲೆಯ ಸಭಾಂಗಣಕ್ಕೆ ಹೋದೆ.

ಎಲ್ಲರೂ ಸೇರಿದ್ದರು. ಕಲ್ಯಾಣದ ಶಾಂತಾಬಾಯಿ ಅಜ್ಜಿಯ ಕೋಲು ಹಿಡಿದು ಮಧ್ಯದಲ್ಲಿ ನಿಂತಿದ್ದರು. ಅದನ್ನು ಕಂಡದ್ದೇ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದೆ.

“ಸುಧಾ ಅವರೇ! ಪುಟ ಸರಿಯಾಗಿದೆ ಅಂದಿರಲ್ಲ? ಎಲ್ಲರ ಎದುರಿಗೇ ತೋರಿಸ್ತೀನಿ!”

“ಸರ್, ಇಲ್ಲಿ ವೈಫೈ ಇಲ್ಲ. ಫೋನಿನ ಸಿಗ್ನಲ್ಲೂ ಹೊರಗೇನೇ…”

“ನೆಟ್ಟಿನ ಗೊಡವೆಯೇ ಬೇಡ!” ಎಂದು ಗುಡುಗಿದೆ. “ನಂದು ನೆಟ್ ಇಲ್ಲದಿದ್ರೂ ತೆರೀತದ! ನೋಡ್ರಿ!”

ಒತ್ತಿದೆ. ತೆರೆಯಿತು. ನಾನು ವಿಜಯದಿಂದ ಸುತ್ತಲೂ ನೋಡಿದೆ.

ಸುಧಾ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಬಹಳ ಮೆತ್ತಗೆ ಕೇಳಿದರು: “ಸರ್… ನೆಟ್ ಇಲ್ಲದೆ ವೆಬ್‌ಸೈಟ್ ಹೇಗೆ ತೆರೀತು?”

ಪ್ರಶ್ನೆ ಚಿಕ್ಕದು. ನಾನು ಯಂತ್ರವನ್ನು ಎತ್ತಿ, ಹಿಂದೆ ಎಲ್ಲಾದರೂ ತಂತಿ ಇದೆಯೇ ಎಂದು ಹುಡುಕಿದೆ.

“ಇದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರೋ ಫೈಲು, ಸರ್. ಪರೀಕ್ಷೆ ದಿನದ ಪುಟನ ಸೇವ್ ಮಾಡಿದೀರಿ. ಬರೀ ಅಕ್ಷರ ಸೇವ್ ಆಗಿದೆ, ಬಣ್ಣ, ಚಿತ್ರ ಬಂದಿಲ್ಲ. ದಿನಾ ಇದನ್ನೇ ನೋಡ್ತಿದ್ರಾ? ಇದು ಬದಲಾಗಲ್ಲ ಸರ್. ಎಷ್ಟು ರಿಫ್ರೆಶ್ ಮಾಡಿದ್ರೂ.”

ಹಳೆಯ ಪ್ರತಿ! ಜೀವಮಾನವಿಡೀ ಹಳೆಯ ಪ್ರತಿಗಳನ್ನು ಹುಡುಕಿ ಹುಡುಕಿ ಹರಿದವನು, ಮನೆಯಲ್ಲಿ ಒಂದನ್ನು ಸಾಕಿಕೊಂಡು ದಿನಾ ಚಹಾ ಆದ ಮೇಲೆ ಅದರ ದರ್ಶನ ಮಾಡುತ್ತಿದ್ದೆ!

“ಹಾಗಾದರೆ ಗಿರಿಜೆ…”

“ಅವರನ್ನ ಆ ವಾರಾನೇ ಆರಿಸಿದೀವಿ! ಮೊದಲನೇ ಹೆಸರೇ ಅವರದು. ಬರಲಿಲ್ಲವಲ್ಲ, ಇಷ್ಟ ಇಲ್ಲವೇನೋ ಅಂದ್ಕೊಂಡ್ವಿ. ಒಂದು ಫೋನ್ ಮಾಡೋಣ ಅಂದ್ರೆ ನಿಮ್ಮದೇ ಗೊತ್ತುವಳಿ. ಈಗ ತಾನೇ ಶಾಂತಾಬಾಯಿಗೆ ಕೋಲು ಕೊಟ್ವಿ.”

ಭಟ್ಟರು ತಮ್ಮ ಫೋನನ್ನು ಹೊರತೆಗೆದು, ಅಂದು ತೆರೆದದ್ದು ಹಾಗೇ ಉಳಿದಿದ್ದ ಪುಟದಲ್ಲಿ ಹೋಳಿಗೆಯ ಕೆಳಗೆ ಸರಿಸಿ, “ಹೌದು ಮಾರಾಯ್ರೆ, ಇಲ್ಲೇ ಉಂಟು,” ಎಂದರು.

ಬಾಗಿಲ ಹತ್ತಿರ ಓಡಿ, ಸಿಗ್ನಲ್ ಸಿಕ್ಕ ಕಡೆ ನಿಂತು ಗಿರಿಜೆಗೆ ಫೋನು ಹಚ್ಚಿದೆ. ಅವಸರದಲ್ಲಿ ಸ್ಪೀಕರೂ ಒತ್ತಿಹೋಯಿತು. ಎಲ್ಲರೂ ನನ್ನ ಹಿಂದೆಯೇ ಬಂದು ನಿಂತಿದ್ದರು.

“ಗಿರಿಜಾ, ಲಗೂನ ಬಾ, ನಿನ್ನ ಪಾರ್ಟು…”

“ಮತ್ತೇನು ಮುರದ್ರೀ?” ಎಂದಿತು ಫೋನು, ಸಭಾಂಗಣಕ್ಕೆಲ್ಲ ಕೇಳುವಂತೆ. “ಗ್ಯಾಸು ಹೋತು, ಟೀವಿ ಹೋತು, ನನ್ನ ಪಿನ್ನಾ ಡೊಂಕಾತು! ಮನಿಯೊಳಗ ಒಂದು ಸಾಮಾನರ ಸುರಳೀತ ಉಳಿಸೀರೇನು? ಆರಿಸಿಲ್ಲಂದ್ರ ಆರಿಸಿಲ್ಲ, ಬಿಡ್ರಿ! ಆ ಪುಟಾನ ಹಿಡದು ಅಲ್ಲಾಡಿಸಿದ್ರ ನನ್ನ ಹೆಸರು ಮಾವಿನಕಾಯಿ ಉದರಿದಂಗ ಉದರ್ತದೇನು? ಈ ವಯಸ್ಸಿನ್ಯಾಗ ಆಸೆ ಪಟ್ಟದ್ದು ನನ್ನ ತಪ್ಪು. ಅದನ್ನ ನೆನಸಬಾರದು ಅಂತ ನಾ ಹಿಟ್ಟು ನಾದಾಕತ್ತೀನಿ, ನೀವು ದಿನಾ ಮುಂಜಾನೆ ನೆನಪು ಮಾಡ್ತೀರಿ!”

ಶಾಂತಾಬಾಯಿ ನಿಧಾನವಾಗಿ ಬಂದು ಕೋಲನ್ನು ಸುಧಾ ಅವರ ಕೈಗಿಟ್ಟರು. “ಇವರ ಮುಂದ ನಾ ಬೈದ್ರ ಯಾರು ಅಂಜತಾರವಾ?” ಎಂದರು.

ಸುಧಾ ಫೋನು ಇಸಿದುಕೊಂಡರು. “ಅಮ್ಮಾ, ನಾನು ಸುಧಾ. ನಿಮ್ಮನ್ನ ಆವಾಗಲೇ ಆರಿಸಿದೀವಿ. ಬನ್ನಿ.”

ಗಿರಿಜೆ ಸಣ್ಣ ದನಿಯಲ್ಲಿ, “ಖರೇನ?” ಎಂದಳು. ಅಷ್ಟು ಬೈದವಳ ದನಿ ಅದೇ ಎಂದು ಯಾರೂ ನಂಬುತ್ತಿರಲಿಲ್ಲ.

ಭಟ್ಟರು ಸ್ಕೂಟರು ಹಾರಿಸಿಕೊಂಡು ಹೋಗಿ ಕರೆತಂದರು. ಬಂದಾಗ ಅವಳ ಮೊಣಕೈಯವರೆಗೂ ಜೋಳದ ಹಿಟ್ಟಿತ್ತು. ಹಾಗೇ ಕೋಲು ಹಿಡಿದಳು.

ನಾಟಕದ ಆರಂಭದಲ್ಲಿ ಅಜ್ಜಿಯ ಗಂಡ ಸತ್ತು ಚಾಪೆಯ ಮೇಲೆ ಮಲಗಿರಬೇಕು. ಅಜ್ಜಿ ಅವನನ್ನೇ ಮೊದಲು ಬೈಯಬೇಕು. ಹೆಣದ ಪಾತ್ರಕ್ಕೆ ಯಾರೂ ಒಪ್ಪಿರಲಿಲ್ಲ. ಸುಧಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸರ್, ಮಾತಿಲ್ಲ. ಓದೋದು ಏನೂ ಇಲ್ಲ. ಯಾವುದನ್ನೂ ಮುಟ್ಟೋ ಹಾಗಿಲ್ಲ,” ಎಂದರು. ಈಗ ನಾನು ಪ್ರತಿ ಭಾನುವಾರ ಕ್ರಮಬದ್ಧವಾಗಿ ಸಾಯುತ್ತೇನೆ.

ಹೋದ ತಾಲೀಮಿನಲ್ಲಿ ಗಿರಿಜೆ ಒಂದು ಸಾಲು ಬಿಟ್ಟುಬಿಟ್ಟಳು. ತಪ್ಪು ತೋರಿಸಲು ನನ್ನ ತೋರುಬೆರಳು ನನ್ನನ್ನು ಕೇಳದೆ ಮೇಲೆದ್ದಿತು. ಅವಳು ಕೋಲಿನಿಂದ ಅದನ್ನು ಕೆಳಗೊತ್ತಿ ಗದರಿಸಿದಳು: “ಸತ್ತ ಮ್ಯಾಲರ ಸುಮ್ಮನ ಇರ್ರಿ!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸುಧಾ ಆ ಮಾತನ್ನು ನಾಟಕಕ್ಕೇ ಸೇರಿಸಿಕೊಂಡಿದ್ದಾರೆ. ಇಡೀ ನಾಟಕಕ್ಕೆ ನನ್ನ ಕೊಡುಗೆ ಒಂದು ಬೆರಳು. ಅದನ್ನೂ ಸರಿಯಾದ ಹೊತ್ತಿಗೆ ಎತ್ತುವುದಿಲ್ಲ ಎಂಬ ದೂರು ಬಂದಿದೆ.