ನಮ್ಮ ಪಡಸಾಲೆಗೆ ಬಿಲಿಯರ್ಡ್ಸ್ ಮೇಜು ಕೂತದ್ದು

ದಾವಣಗೆರೆಯಲ್ಲಿ ಆಗ ಮನೆಯೊಳಗೇ ಬಿಲಿಯರ್ಡ್ಸ್ ಮೇಜು ಇಟ್ಟುಕೊಂಡಿದ್ದ ಹತ್ತಿ ದಲಾಲಿ ನಾನೊಬ್ಬನೇ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ, ಯಾಕೆಂದರೆ ಕೇಳಲಿ ಎಂದು ಕಾಯುತ್ತ ಕೂತರೆ ನನ್ನ ಆಯುಷ್ಯ ಸಾಲದು.

ನನ್ನ ಭಾವಮೈದ ಕೆಂಚಣ್ಣ ಹರಿಹರದ ಒಂದು ಕ್ಲಬ್ಬಿಗೆ ಸೆಕ್ರೆಟರಿ. ಕ್ಲಬ್ಬಿಗೆ ಹೊಸ ಮೇಜು ಬಂದಿತ್ತು. ಹಳೆಯದನ್ನು ಯಾರು ಹೊತ್ತುಕೊಂಡು ಹೋಗುತ್ತಾರೋ ಅವರಿಗೇ ಬಿಡುವುದೆಂದು ಕಮಿಟಿ ತೀರ್ಮಾನಿಸಿತ್ತು. ಆ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನನ್ನ ಎದೆ ಹತ್ತಿ ಜಿನ್ನಿನ ಎಂಜಿನ್ನಿನ ಹಾಗೆ ಬಡಿದುಕೊಳ್ಳತೊಡಗಿತು. ಆ ಆಟವನ್ನು ನಾನು ಕೆಂಚಣ್ಣನ ಬೆನ್ನ ಹಿಂದೆ ನಿಂತು ನೋಡಿದ್ದೆ. ಒಂದು ಸಲ ಕೋಲನ್ನೂ ಹಿಡಿದಿದ್ದೆ. (ಕೋಲಿನ ತುದಿ ಚೆಂಡಿಗೆ ತಾಗಲಿಲ್ಲ, ಹಿಂದೆ ನಿಂತಿದ್ದ ತಹಶೀಲ್ದಾರರ ಹೊಟ್ಟೆಗೆ ತಾಗಿತು. ಆದರೂ ಹಿಡಿದ ಠೀವಿ ಚೆನ್ನಾಗಿತ್ತೆಂದು ಅವರೇ ಒಪ್ಪಿಕೊಂಡರು.)

ಮೇಜು ಎಂದರೆ ನೀವು ನಾಲ್ಕು ಕಾಲಿನ ಮೇಜು ಅಂದುಕೊಳ್ಳಬೇಡಿ. ಹಸಿರು ಬಟ್ಟೆಯ ಅಡಿಗೆ ಕಪ್ಪು ಕಲ್ಲಿನ ಚಪ್ಪಡಿಗಳು; ಒಂದೊಂದೂ ಒಂದೊಂದು ಊರಬಾಗಿಲಿನಷ್ಟು ತೂಕ. ಹರಿಹರದಲ್ಲಿ ಅವನ್ನು ಗಾಡಿಗೆ ಏರಿಸಿದಾಗ ಅಚ್ಚು ನರಳಿದ್ದು ದಾವಣಗೆರೆ ಮಾರ್ಕೆಟ್ಟಿನಲ್ಲಿ ಕೇಳಿಸಿತಂತೆ. ನಮ್ಮ ಓಣಿಗೆ ಬಂದು ಮುಟ್ಟಿದ ಎತ್ತುಗಳು ಮಲಗಿಬಿಟ್ಟವು. ರೈಲಿನಲ್ಲಿ ಕಳಿಸಿದರೆ ಮಾತ್ರ ವಾಪಸ್ ಹೋಗುತ್ತೇವೆ ಎನ್ನುವ ಹಾಗೆ ನನ್ನ ಮುಖ ನೋಡಿದವು. ಎದುರು ಮನೆ ಹಂಪವ್ವನ ಎಮ್ಮೆ ಆ ಹಸಿರು ಬಟ್ಟೆಯನ್ನು ಕಿಟಕಿಯಿಂದ ಕಂಡ ಮೇಲೆ ಒಣ ಸೊಪ್ಪೆಗೆ ಬಾಯಿ ಹಾಕುವುದನ್ನೇ ಬಿಟ್ಟಿತು.

ಕೂರಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅಂಥ ಮಹತ್ಕಾರ್ಯ ಸ್ವಹಸ್ತದಿಂದಲೇ ಆಗಬೇಕು. (ಸ್ವಹಸ್ತ ಎಂದರೆ ಎತ್ತಿದ್ದು ಮಾರ್ಕೆಟ್ಟಿನ ಹಮಾಲರು, ಬೆವರಿದ್ದು ನಾನು.) ಗೌಂಡಿಯೊಬ್ಬನಿಂದ ರಸಮಟ್ಟ ಕಡ ತಂದಿದ್ದೆ. ಮರದ ಪಟ್ಟಿಯೊಳಗೆ ಒಂದು ಗಾಜಿನ ನಳಿಗೆ, ನಳಿಗೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಮೇಜು ಮಟ್ಟ. ನಮ್ಮ ಗುಳ್ಳೆ ನಿಲ್ಲಬೇಕಲ್ಲ. ತವರಿಗೆ ಹೊರಟ ಹೊಸ ಸೊಸೆಯಂತೆ ಒಂದೇ ಸಮನೆ ಬಡಗಣ ಗೋಡೆಯ ಕಡೆಗೆ ಓಡುತ್ತಿತ್ತು. ತೆಂಕಣ ಕಡೆಯ ಕಾಲುಗಳಿಗೆಲ್ಲ ಮರದ ತುಂಡು ಕೊಟ್ಟು, ಇನ್ನೊಂದು ಕೊಟ್ಟು, ಮತ್ತೊಂದು ಕೆತ್ತಿ ಕೊಟ್ಟು, ಸಂಜೆಯ ಹೊತ್ತಿಗೆ ಗುಳ್ಳೆ ನಡುವೆ ಬಂದು ಕೂತಿತು. ನಾನು ಕುಣಿದುಬಿಟ್ಟೆ. ಗೌಂಡಿ ಬಂದು ತನ್ನ ರಸಮಟ್ಟ ತೆಗೆದುಕೊಂಡು ಮಾಯಕೊಂಡದ ಕೆಲಸಕ್ಕೆ ಹೊರಟುಹೋದ.

ಅಷ್ಟರಲ್ಲಿ ನನ್ನ ಧರ್ಮಪತ್ನಿ ಗಿರಿಯಮ್ಮ ಕಾಫಿ ಹಿಡಿದು ಒಳಗಿಂದ ಬಂದಳು. ಬಾಗಿಲಲ್ಲೇ ನಿಂತು ಕತ್ತನ್ನು ಒಂದು ಕಡೆ ವಾಲಿಸಿದಳು.

"ವಾರೆ ಆಗೈತಲ್ರಿ."

"ಯಾವುದು?"

"ಇನ್ಯಾವುದು, ಇದೇ. ನಿಮ್ಮ ಕಲ್ಲಿನ ಮಂಚ."

ರಸಮಟ್ಟದ ವಿಜ್ಞಾನವನ್ನೆಲ್ಲ ನಾನು ಅವಳಿಗೆ ವಿವರಿಸಿದೆ. ಗುಳ್ಳೆ ನಡುವೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ.

"ಗಾಜಿನೊಳಗಿನ ಗುಳ್ಳಿ ಮಾತು ಕೇಳ್ತೀರಿ, ಕಟ್ಟಿಕೊಂಡವಳ ಮಾತು ಕೇಳಲ್ಲ. ಸರಿ ಇರೋ ಮೇಜಿಗೆ ಯಾರಾರ ಕಾಲಡಿ ತುಂಡು ಕೊಡ್ತಾರೇನ್ರಿ? ಕುಂಟನಿಗೆ ಕೋಲು ಕೊಟ್ಟಂಗೆ ಕೊಟ್ಟೀರಲ್ಲ."

ಮರುದಿನದಿಂದ ಓಣಿಯೇ ನಮ್ಮ ಪಡಸಾಲೆಗೆ ನುಗ್ಗಿತು. ಅಂಥ ಸಡಗರವನ್ನು ನಮ್ಮ ಮದುವೆಯಲ್ಲೂ ನಾನು ಕಂಡಿರಲಿಲ್ಲ. ಒಬ್ಬರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಬ್ಬರು ಎರಡನ್ನೂ ಮುಚ್ಚಿ ನೋಡಿದರು. ಹಂಪವ್ವ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿ, ನಿದ್ದೆ ಹೋಗಿ, ಎದ್ದು, ವಾರೆ ಎಂದೇ ತೀರ್ಪು ಕೊಟ್ಟಳು. ಬೆಂಚು, ಬೀರು, ಗೋಡೆಯ ಮೇಲಿನ ನಮ್ಮಜ್ಜನ ಫೋಟೋ ಎಲ್ಲವೂ ಒಂದು ರೀತಿ ನಿಂತಿದ್ದವು, ನನ್ನ ಮೇಜೊಂದೇ ಬೇರೆ ರೀತಿ ನಿಂತಿತ್ತು. ತೆಂಕಣ ಕಡೆ ನಾಲ್ಕು ಬೆರಳು ಎತ್ತರ, ಮುನಿಸಿಕೊಂಡು ಭುಜ ಎತ್ತಿದವರ ಹಾಗೆ.

ಚೆಂಡು ಉರುಳಿಸಿ ನೋಡಿದ್ದರೆ ಜಗಳ ಅಲ್ಲೇ ಹರಿಯುತ್ತಿತ್ತು. ಆದರೆ ಚೆಂಡುಗಳು ದಂತದವು. ಎತ್ತಿನಗಾಡಿಯಲ್ಲಿ ಕಳಿಸಲು ಮನಸ್ಸಾಗದೆ ಕೆಂಚಣ್ಣ ತಾನೇ ಭಾನುವಾರ ರೈಲಿನಲ್ಲಿ ತರುವವನಿದ್ದ. ನಿಂಬೆಹಣ್ಣು ಉರುಳಿಸಿದೆವು, ಅದು ತನ್ನ ಮೂಗು ತೋರಿಸಿದತ್ತ ಹೋಯಿತು. ಹಂಪವ್ವ ತಂದ ರವೆ ಉಂಡೆ ಇಟ್ಟಲ್ಲೇ ಕೂತಿತ್ತು. ಅದು ನನ್ನ ಪರ ಸಾಕ್ಷಿ ಎಂದು ನಾನು ವಾದಿಸಿದೆ. ಗಿರಿಯಮ್ಮ ಸಾಕ್ಷಿಯನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಕಡೆಗೆ ಅವಳೇ ಷರತ್ತು ಹಾಕಿದಳು. ಭಾನುವಾರ ಬರುವ ತಮ್ಮ ನೋಡಿ ಹೇಳಲಿ. ಸರಿಯಾಗಿ ಕೂತಿದೆ ಎಂದರೆ ಮೇಜು ಪಡಸಾಲೆಯಲ್ಲೇ ಇರಲಿ, ತಾನು ಮತ್ತೆ ಉಸಿರೆತ್ತುವುದಿಲ್ಲ. ವಾರೆ ಎಂದರೆ ಮರುದಿನವೇ ಹರಿಹರಕ್ಕೆ ವಾಪಸ್. ಆ ಜಾಗದಲ್ಲಿ ಓಣಿಯ ಹೆಂಗಸರು ಮೊದಲಿನ ಹಾಗೆ ಶ್ಯಾವಿಗೆ ಹೊಸೆಯುತ್ತಾರೆ. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ಒಪ್ಪಿಕೊಂಡ ಗಳಿಗೆಯಿಂದ ನನಗೂ ಅದು ವಾರೆಯಾಗಿ ಕಾಣತೊಡಗಿತು. ಮುಂದಿನಿಂದ ನೋಡಿದರೆ ವಾರೆ, ಹಿಂದಿನಿಂದ ನೋಡಿದರೆ ವಾರೆ, ಅಂಗಡಿಯಲ್ಲಿ ಕೂತು ನೆನೆದರೂ ವಾರೆ. ಹತ್ತಿ ಅಂಡಿಗೆಗಳೂ ವಾರೆ ಕಂಡವು. ಗಿರಾಕಿಗಳ ಜತೆ ಕತ್ತು ವಾಲಿಸಿಕೊಂಡೇ ವ್ಯಾಪಾರ ಮಾಡಿದೆ. ಒಬ್ಬ ಪುಣ್ಯಾತ್ಮ ಉಳುಕು ತೆಗೆಯುವವರ ವಿಳಾಸ ಕೊಟ್ಟು ಹೋದ. ಇಷ್ಟು ದೊಡ್ಡ ಓಣಿಗೆ ಕಂಡದ್ದು ಆ ಸಣ್ಣ ಗುಳ್ಳೆಗೆ ಕಾಣಲಿಲ್ಲವೆಂದರೆ ಗುಳ್ಳೆಯದೇ ತಪ್ಪಿರಬೇಕು. ಎಷ್ಟಾದರೂ ಅದು ಗಾಳಿ.

ಭಾನುವಾರ ಬೆಳಿಗ್ಗೆ ಗಿರಿಯಮ್ಮ ತಮ್ಮನಿಗೆಂದು ತರಕಾರಿ ತರಲು ಹೋದಳು. ನಾನು ಓಡಿದೆ. ಹಮಾಲರನ್ನು ಎಬ್ಬಿಸಿ ತಂದೆ. ಮೇಜನ್ನು ಎತ್ತಿಸಿ, ಮರದ ತುಂಡುಗಳನ್ನೆಲ್ಲ ಕಿತ್ತು, ಬಚ್ಚಲ ಒಲೆಯ ಸೌದೆಯೊಳಗೆ ಸೇರಿಸಿಬಿಟ್ಟೆ. ಬಂದು ನೋಡುತ್ತೇನೆ, ಏನು ಚೆಂದ, ಏನು ಗಾಂಭೀರ್ಯ. ಬೆಂಚು, ಬೀರು, ಫೋಟೋ, ಮೇಜು ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಗಿರಿಯಮ್ಮ ತರಕಾರಿ ಚೀಲ ಹಿಡಿದು ಒಳಗೆ ಕಾಲಿಟ್ಟವಳು ಮೇಜನ್ನೂ ನನ್ನನ್ನೂ ನೋಡಿ, ತರಕಾರಿ ಹೆಚ್ಚಲು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

ಕೆಂಚಣ್ಣ ಬಂದ, ಮಿಂದ, ಉಂಡ. ಓಣಿಯವರು ಕಿಟಕಿ ಬಾಗಿಲುಗಳನ್ನೆಲ್ಲ ತುಂಬಿಕೊಂಡರು. ಅವನು ಚೀಲದಿಂದ ಕೆಂಪು ಚೆಂಡನ್ನು ತೆಗೆದು ಮೇಜಿನ ನಡುವೆ ಇಟ್ಟು ಕೈ ಬಿಟ್ಟ.

ಚೆಂಡು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ, ಯಾರೂ ಕರೆಯದಿದ್ದರೂ, ಊಟಕ್ಕೆ ಹೊರಟ ಅಳಿಯನ ಹಾಗೆ ತೆಂಕಣ ದಿಕ್ಕಿಗೆ ನಿಧಾನವಾಗಿ ಹೊರಟು, ಮೂಲೆಯ ಜಾಳಿಗೆಯೊಳಗೆ ಇಳಿದುಹೋಯಿತು. ಬಿಳಿಯದನ್ನು ಇಟ್ಟ, ಅದೂ ಹೋಯಿತು. ಮತ್ತೊಂದು ಬಿಳಿಯದು ಅವರಿಬ್ಬರನ್ನೂ ಹುಡುಕಿಕೊಂಡು ಹೋಯಿತು.

ಓಣಿ ಹೋ ಎಂದಿತು. ಕೆಂಚಣ್ಣ ಮಾತ್ರ ಮೇಜನ್ನು ಬಿಟ್ಟು ನೆಲವನ್ನೇ ನೋಡುತ್ತಿದ್ದ. ಚೊಂಬಿನಿಂದ ಒಂದಿಷ್ಟು ನೀರನ್ನು ನೆಲದ ಕಲ್ಲಿನ ಮೇಲೆ ಚೆಲ್ಲಿದ. ನೀರು ಕೂಡ ತೆಂಕಣ ಗೋಡೆಗೇ ಓಡಿತು.

"ಭಾವ, ಈ ಪಡಸಾಲ್ಯಾಗೆ ಮೊದಲು ಏನಿತ್ತು?"

ಏನಿತ್ತು ಎಂದರೆ, ನಮ್ಮಜ್ಜನ ಕಾಲದಲ್ಲಿ ಎತ್ತುಗಳಿದ್ದವು. ಆಗ ಎತ್ತುಗಳನ್ನು ಮನೆಯ ಮುಂದಿನ ಅಂಕಣದಲ್ಲೇ ಕಟ್ಟುತ್ತಿದ್ದರು. ಗಂಜಲ ಹರಿದುಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿದ್ದರು. ಎತ್ತುಗಳು ಹೋದವು, ದಲಾಲಿ ಅಂಗಡಿ ಬಂತು, ನಮ್ಮಪ್ಪ ಅದೇ ಇಳಿಜಾರಿನ ಮೇಲೆ ಶಾಬಾದಿ ಕಲ್ಲು ಹಾಸಿ ಪಡಸಾಲೆ ಎಂದು ಕರೆದ. ನಾನು ಅಂಬೆಗಾಲಿಟ್ಟದ್ದು, ಹಸೆ ಏರಿದ್ದು ಎಲ್ಲ ಆ ಇಳಿಜಾರಿನಲ್ಲೇ. ಅದು ನಮ್ಮ ಕಣ್ಣೊಳಗೇ ಸೇರಿಹೋಗಿತ್ತು. ಬೆಂಚು, ಬೀರು, ಕಡೆಗೆ ಅಜ್ಜನ ಫೋಟೋ ಕೂಡ ಇಷ್ಟು ವರ್ಷ ಗಂಜಲದ ದಾರಿ ಹಿಡಿದೇ ನಿಂತಿದ್ದವು.

"ಕಾಲಡಿ ಕಲ್ಲಿನ ಮ್ಯಾಲೆ ತುಂಡಿನ ಗುರುತು ಅದಾವೆ," ಎಂದ ಕೆಂಚಣ್ಣ. "ತುಂಡು ಎಲ್ಲಿ?"

ಸುಳ್ಳು ಹೇಳಲು ಪುರುಸೊತ್ತು ಸಿಗಲಿಲ್ಲ. "ನೀನು ಮಿಂದ ನೀರಾಗೆ," ಎಂದೆ.

ಹೊಸ ತುಂಡು ಕಡಿಸಿದರು. ಹಮಾಲರು ಮೂರನೆಯ ಸಲ ಬಂದರು (ನನ್ನನ್ನು ನೋಡುವ ಅವರ ದೃಷ್ಟಿಯಲ್ಲಿ ಈಗ ಗೌರವ ಇರಲಿಲ್ಲ). ಹಳೆಯ ಗುರುತಿನ ಮೇಲೆ ಅಷ್ಟೇ ಎತ್ತರಕ್ಕೆ ಕೊಟ್ಟು ಕೆಂಪು ಚೆಂಡನ್ನು ಇಟ್ಟರು. ಅದು ಕೂತಿತು. ತಪಸ್ಸಿಗೆ ಕೂತ ಹಾಗೆ ಕೂತಿತು. ಕಿಟಕಿಯಲ್ಲಿ ಎಮ್ಮೆ ಕೆಮ್ಮಿದರೂ ಅಲುಗಲಿಲ್ಲ.

ನಾನು ಎದ್ದು ನಿಂತು ಓಣಿಯನ್ನೆಲ್ಲ ಒಮ್ಮೆ ನೋಡಿದೆ. ನಾನು ಕೂರಿಸಿದ್ದೇ ಸರಿ, ಷರತ್ತು ಗೆದ್ದವನು ನಾನೇ ಎಂದು ಸಾರಿದೆ. ಕೆಂಚಣ್ಣನೂ ಹೌದೆಂದ, ಮೊದಲು ಕೂರಿಸಿದ್ದಕ್ಕೆ ಕೂದಲೆಳೆಯಷ್ಟೂ ದೋಷವಿಲ್ಲ ಎಂದ.

ಗಿರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ತುಂಡು ಕೊಟ್ಟೋರು ಯಾರ್ರಿ?"

"ನಾನೇ," ಎಂದೆ, ಮೀಸೆ ಮುಟ್ಟಿಕೊಂಡು.

"ಕಿತ್ತೋರು?"

ಮೀಸೆಯಿಂದ ಕೈ ತಾನಾಗಿ ಕೆಳಗಿಳಿಯಿತು.

"ತಮ್ಮಾ, ವಾರೆ ಇದ್ದದ್ದು ಹರಿಹರಕ್ಕೆ ಹೋಗ್ಬೇಕು ಅಂತ ಮಾತಾಗೈತೆ. ಮೇಜು ನೆಟ್ಟಗೈತೆ. ಈಗ ನೀನೇ ನೋಡಿ ಹೇಳು, ಈ ಮನೆಯಾಗೆ ವಾರೆ ಇರೋದು ಯಾವುದು?"

ಕೆಂಚಣ್ಣ ನ್ಯಾಯವಂತ. ಮೇಜನ್ನು ನೋಡಿದ, ನನ್ನನ್ನು ನೋಡಿದ, ಕತ್ತು ವಾಲಿಸಿ ಇನ್ನೊಮ್ಮೆ ನನ್ನನ್ನೇ ನೋಡಿದ. ಓಣಿಯೂ ಅವನ ಜತೆ ಕತ್ತು ವಾಲಿಸಿತು.

ಮೇಜು ಉಳಿಯಿತು. ಅದರ ಒಂದು ಮಾರಿನೊಳಗೆ ನಾನು ಸುಳಿಯಬಾರದೆಂದು ಆಜ್ಞೆಯಾಯಿತು. ನನ್ನ ಕೈ ತಾಗಿದರೆ ಮತ್ತೆ ಯಾವ ಕಾಲಿನಿಂದ ಏನು ಕಿತ್ತೇನೋ ಎಂದು ಹೆದರಿಕೆಯಂತೆ. ಭಾನುವಾರ ಭಾನುವಾರ ಕೆಂಚಣ್ಣ ಬಂದು ಅಕ್ಕನಿಗೆ ಆಟ ಕಲಿಸತೊಡಗಿದ. ಶ್ಯಾವಿಗೆ ಹೊಸೆದ ಬೆರಳುಗಳಲ್ಲವೇ, ಕೋಲು ಅವಳ ಕೈಯಲ್ಲಿ ನೂಲಿನ ಹಾಗೆ ಸರಿಯುತ್ತದೆ. ಹಂಪವ್ವ ಲೆಕ್ಕ ಕೂಗುತ್ತಾಳೆ.

ಕೆಂಚಣ್ಣ ಇಳಿದ ಸ್ಟೇಷನ್ನಿನಲ್ಲೇ ನಾನು ಹರಿಹರದ ಗಾಡಿ ಹತ್ತುತ್ತೇನೆ. ಅಲ್ಲಿ ಕ್ಲಬ್ಬಿನಲ್ಲಿ ಆಟದ ಲೆಕ್ಕ ಇಡುವ ಮಾರ್ಕರು ಮೊದಲ ದಿನವೇ ಕೇಳಿದ: ನಿಮ್ಮ ಮನ್ಯಾಗೇ ಮೇಜು ಐತಂತಲ್ರಿ, ಇಷ್ಟು ದೂರ ಯಾಕ ಬಂದ್ರಿ?

"ಐತೆ," ಎಂದೆ, ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚುತ್ತ. "ಬಾಳ ಸರಿಯಾಗಿ ಕೂತೈತೆ. ಅದಕ್ಕೇ ಬಂದೆ."